ಹೊಲಕ್ಕೆ ಒಗ್ಗರಣೆ

ಹಳದಿಯಾಗಲಿಲ್ಲ, ಚುಕ್ಕೆ ಬೀಳಲಿಲ್ಲ,
ಹುಳ ತಿಂದ ಗುರುತಿಲ್ಲ.
ಬೆಳಿಗ್ಗೆ ನೀರು ಕಟ್ಟುವಾಗ ನೆಟ್ಟಗಿದ್ದ ಟೊಮೆಟೊ ಗಿಡ
ಮಧ್ಯಾಹ್ನದ ಬಸ್ಸು ದುದ್ದ ದಾಟುವಷ್ಟರಲ್ಲಿ
ಹಸಿರು ಹಸಿರಾಗೇ ತಲೆ ಬಗ್ಗಿಸಿತ್ತು,
ಬೈಸಿಕೊಂಡ ಹುಡುಗಿಯ ಹಾಗೆ.
ಸಂಜೆಯ ತಂಪಿಗೆ ಅರ್ಧ ಎದ್ದು ಕೂತಿತು.
ನಾಳೆ ಸರಿಹೋದೀತು ಅಂದುಕೊಂಡೆ.
ನಾಲ್ಕನೇ ದಿನ ಸಾಲಿಗೆ ಸಾಲೇ.

ನೀರು ಸಾಲದು ಅಂದರು ಒಬ್ಬರು,
ನೀರು ಜಾಸ್ತಿ ಅಂದರು ಇನ್ನೊಬ್ಬರು.
ಗೊಬ್ಬರದಂಗಡಿ ಷಡಕ್ಷರಿ ಮೂರು ಬಾಟಲಿ ಕೊಟ್ಟ,
ಮೂರಕ್ಕೂ ಒಂದೇ ವಾಸನೆ.

ನಾದಿನಿ ಚಂಪಕ ಓದಿದವಳಲ್ಲ.
ರಾಣೆಬೆನ್ನೂರಿನ ಕಡೆ ಬೀಜದ ಹೊಲಗಳಲ್ಲಿ
ಹೂವಿಂದ ಹೂವಿಗೆ ಪರಾಗ ಹಚ್ಚುವ ಕೂಲಿಗೆ
ಆರು ವರ್ಷ ಬೆನ್ನು ಬಗ್ಗಿಸಿದವಳು.
ಕುಡುಗೋಲು ಕೊಡು ಅಂದಳು,
ಒಂದು ಗಾಜಿನ ಲೋಟ ಕೊಡು ಅಂದಳು.
ಕಾಂಡ ಓರೆಯಾಗಿ ಕೊಯ್ದು ನೀರಿಗೆ ಇಳಿಬಿಟ್ಟಳು.
ಮೊದಲು ಏನೂ ಇಲ್ಲ.
ಆಮೇಲೆ ಕೊಯ್ದ ಬಾಯಿಂದ
ಬಿಳಿಯ ಎಳೆಯೊಂದು ಇಳಿಯಿತು,
ಅದರ ಪಕ್ಕ ಇನ್ನೊಂದು,
ಕೂಸಿನ ಕಟಬಾಯಿಂದ ಜಾರುವ ಹಾಲಿನ ಹಾಗೆ.
ಅಷ್ಟು ಚೆಂದ ಇರಬಾರದಿತ್ತು ಅದು.

"ಕಾಯಿಲೆ ಮಣ್ಣಿಂದು ಅತ್ತಿಗೆ.
ಎಲೆಗೆ ಹೊಡೆದದ್ದೆಲ್ಲ
ಹೊಟ್ಟೆನೋವಿಗೆ ನೆತ್ತಿಗೆ ಎಣ್ಣೆ ಇಟ್ಟ ಹಾಗೆ."

ಕಿತ್ತು ಸುಟ್ಟೆವು. ಹಸಿ ಗಿಡ, ಉರಿಯಲೂ ಒಲ್ಲೆ ಎಂದಿತು.
ಆ ನೆಲಕ್ಕೆ ಸಾಸಿವೆ ಚೆಲ್ಲಿದೆವು, ಒತ್ತೊತ್ತಾಗಿ.
ತಿಂಗಳು ಕಳೆದು ಮತ್ತೊಂದು ವಾರ:
ಹೊಲ ಅರಿಸಿನ ಮೆತ್ತಿಕೊಂಡಂತೆ,
ಜೇನು ಎಲ್ಲಿಂದ ಬಂದವೋ.
"ಎಣ್ಣೆ ಆಡಿಸ್ತೀಯೇನವ್ವ?" ದಾರಿಹೋಕರ ಪ್ರಶ್ನೆ.
ಕಾಯಿ ಕಟ್ಟುವ ಮುಂಚೆ ಕೊಚ್ಚಿ ಹಾಕುವುದು ಎಂದಾಗ
ಅವರ ಮುಖ ನೋಡಬೇಕಿತ್ತು.
ನನ್ನ ಮುಖವೂ ಹಾಗೇ ಇತ್ತೇನೋ. ಜೇನು ಇನ್ನೂ ಇದ್ದವು.

ಕೊಚ್ಚಿದೆವು, ಹೊಂಗೆ ಹಿಂಡಿ ಬೆರೆಸಿದೆವು,
ಮಣ್ಣಲ್ಲಿ ಕಲಸಿ, ನೀರು ಕುಡಿಸಿ,
ರಾಗಿ ಒಣಗಿಸುವ ಟಾರ್ಪಾಲು ಹೊದಿಸಿ
ಅಂಚಿಗೆಲ್ಲ ಕಲ್ಲು ಹೇರಿದೆವು.
ಮೂರನೇ ದಿನ ಮೂಲೆ ಎತ್ತಿ ಇಣುಕಿದ್ದೆ ತಪ್ಪು,
ಘಾಟು! ಮೂಗಿನೊಳಗೆ ಸೂಜಿ, ಕಣ್ಣ ತುಂಬ ನೀರು.
ಆಚೆ ಹೊಲದ ಚಲುವೇಗೌಡ
ಹನ್ನೊಂದು ವರ್ಷದ ಮೇಲೆ ಬಾಯಿಬಿಟ್ಟ, ನನ್ನೊಡನಲ್ಲ,
ತನ್ನ ಎತ್ತಿನೊಡನೆ:
"ನೋಡ್ಲಾ, ಹೊಲಕ್ಕೆ ಒಗ್ಗರಣೆ ಹಾಕ್ತವ್ಳೆ."

ಬದುವಿನ ಜಗಳ ನಮ್ಮದು.
ಸರ್ವೆ ಕಲ್ಲು ಎರಡು ಸಲ ತಾನಾಗೇ ನಡೆದಿದೆ.

ಮತ್ತೆ ನಾಟಿ. ಒಂಬೈನೂರು ಸಸಿ.
ಮಧ್ಯಾಹ್ನವಾದರೆ ಎದೆ ಹೊಡೆದುಕೊಳ್ಳುತ್ತಿತ್ತು,
ಒಂದೊಂದು ತಲೆಯನ್ನೂ ಎಣಿಸುತ್ತಿದ್ದೆ,
ಶಾಲೆಯ ಮೇಷ್ಟರ ಹಾಗೆ.
ಉಳಿದವು. ಮೂವತ್ತನಾಲ್ಕು ಉಳಿಯಲಿಲ್ಲ,
ಎಲ್ಲವೂ ಒಂದೇ ಮೂಲೆಯವು,
ಚಲುವೇಗೌಡನ ಕಾಲುವೆ ನಮ್ಮೊಳಕ್ಕೆ ನುಗ್ಗುವ ಬಾಯಲ್ಲಿ.
ಲೋಟದಲ್ಲಿ ಅದೇ ಬಿಳಿ ಎಳೆ.

ನೀರಿನ ಜೊತೆ ಬರುವುದಕ್ಕೆ
ಪಹಣಿ ಇಲ್ಲ, ಹಿಸ್ಸೆ ಇಲ್ಲ,
ಯಾವ ಕಲ್ಲನ್ನೂ ಅದು ಕಾಣದು.

ಒಂದು ಸೇರು ಸಾಸಿವೆ ಸೆರಗಲ್ಲಿ ಕಟ್ಟಿಕೊಂಡು
ಅವರ ಬಾಗಿಲಿಗೆ ಹೋದೆ.
ಅವನು ಹಿತ್ತಿಲಿಗೆ ಎದ್ದುಹೋದ.
ಸಾಕಮ್ಮ ಮೊರ ಹಿಡಿದಳು, ಒಳಗೆ ಕರೆಯಲಿಲ್ಲ,
ಸಾಕೋ ಬೇಕೋ ಅನ್ನಲಿಲ್ಲ.
ಅರ್ಧ ಬಿತ್ತಿದ್ದಾರೆ. ಉಳಿದರ್ಧ
ಅಡುಗೆಮನೆಯ ಡಬ್ಬಿ ಸೇರಿರಬೇಕು;
ಇರಲಿ, ಸಾರಾದರೂ ಘಮ್ಮೆನ್ನಲಿ.

"ಪೂರ್ತಿ ಹೋಗುತ್ತಾ?" ಚಂಪಕಳನ್ನು ಕೇಳಿದೆ.
"ಹೋಗಲ್ಲ ಅತ್ತಿಗೆ, ತಗ್ಗುತ್ತೆ.
ಹುಳಿ ತಿಂದ ಹಲ್ಲಿನ ಹಾಗೆ
ಒಂದಷ್ಟು ದಿನ ಕಚ್ಚಲಾರದೆ ಕೂರುತ್ತೆ."

ಲೋಟ ಕಿಟಕಿಯ ಮೇಲಿದೆ.
ಬೂದಿ ಹಚ್ಚಿ, ಹುಣಸೆ ಹಚ್ಚಿ ತಿಕ್ಕಿದ್ದೇನೆ,
ಅದರಲ್ಲಿ ನೀರು ಕುಡಿಯಲು ಮಕ್ಕಳೂ ಒಪ್ಪುವುದಿಲ್ಲ.
ವಾರಕ್ಕೊಂದು ಕಾಂಡ ಅದಕ್ಕೆ.
ಇವತ್ತಿನದನ್ನು ಇಳಿಬಿಟ್ಟು
ಅನ್ನಕ್ಕೆ ಎಸರಿಟ್ಟು ಬಂದು ನೋಡಿದೆ:
ನೀರು ನೀರಾಗೇ ಇತ್ತು.

ಎಸರು ಕುದಿಯುವ ಸದ್ದು ಬಂತು.
ಇನ್ನೂ ಸ್ವಲ್ಪ ಹೊತ್ತು ನೋಡಿದೆ.